ಸತ್ತ ಮಂಗ ತಂದ ಸುದ್ದಿ: ಕ್ಯಾಸನೂರು ಕಾಡಿನಿಂದ ಅಂಟಾರ್ಕ್ಟಿಕಾದ ತನಕ

ಇವತ್ತಿನ ಕಥೆ ಎರಡು ಜಾಗದಲ್ಲಿ ನಡೀತದೆ. ಒಂದು, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, ಇಸವಿ 1957. ಇನ್ನೊಂದು ಭೂಮಿಯ ತಳದಲ್ಲಿರೋ ಅಂಟಾರ್ಕ್ಟಿಕಾ, ಮೊನ್ನೆ ಮೊನ್ನೆ, ಅಂದ್ರೆ 2023 ಮತ್ತು 2024. ಒಂದು ಕಡೆ ಮಂಗ, ಇನ್ನೊಂದು ಕಡೆ ಹಿಮದ ಮೇಲಿನ ಹಕ್ಕಿ. ಎರಡೂ ಕಡೆ ಕಥೆ ಶುರುವಾಗಿದ್ದು ಮಾತ್ರ ಒಂದೇ ಥರ. ಪ್ರಾಣಿ ಸತ್ತು ಬಿದ್ದಿದೆ, ಯಾಕೆ ಸತ್ತಿತು ಅಂತ ಅಲ್ಲಿ ನಿಂತವರಿಗೆ ಗೊತ್ತಿಲ್ಲ.

ಲ್ಯಾಬ್ ರಿಪೋರ್ಟ್ ಬರೋಕೆ ದಿನಗಳು ಬೇಕು, ಕೆಲವು ಸಲ ತಿಂಗಳುಗಳು ಬೇಕು. ಆ ನಡುವಿನ ಹೊತ್ತಿನಲ್ಲಿ ಏನು ಮಾಡಬೇಕು? ಮುಟ್ಟಬೇಕಾ, ಸುಡಬೇಕಾ, ಓಡಬೇಕಾ, ಯಾರಿಗಾದ್ರೂ ಹೇಳಬೇಕಾ? ಇವತ್ತಿನ ಎಪಿಸೋಡ್ ಪೂರ್ತಿ ಆ ನಡುವಿನ ಹೊತ್ತಿನ ಬಗ್ಗೆ.

ನಾನು ಬಿ.ಕಾಂ ಓದಿದವ, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಅಂಗಡಿಯವನು ಕೊಟ್ಟ ಸಾಲ ವಾಪಸ್ ಬರೋದು ಅನುಮಾನ ಅನಿಸಿದರೆ, ಅದು ಮುಳುಗಿಯೇ ಹೋಯ್ತು ಅಂತ ಖಾತ್ರಿ ಆಗೋ ತನಕ ಕಾಯೋದಿಲ್ಲ. ಮೊದಲೇ ಒಂದಿಷ್ಟು ತೆಗೆದಿಡ್ತಾನೆ. ಡೌಟ್‌ಫುಲ್ ಡೆಟ್ಸ್‌ಗೆ ಪ್ರಾವಿಷನ್ ಅಂತ ಅದಕ್ಕೆ. ರೋಗದ ಅನುಮಾನ ಬಂದಾಗ ಮಾಡಬೇಕಾದದ್ದೂ ಅದೇ. ಆದರೆ ಎಷ್ಟು ತೆಗೆದಿಡಬೇಕು, ಯಾರ ಜೇಬಿನಿಂದ ತೆಗೆದಿಡಬೇಕು ಅನ್ನೋದೇ ಪ್ರಶ್ನೆ.

ನೀರಮಾನ್ವಿಯಲ್ಲಿ ಕೂತು ಇವನಿಗೆ ಮಲೆನಾಡಿನ ಮಂಗನ ಕಾಯಿಲೆ ಯಾಕೆ ಅಂತೀರಾ? ಸಾಗರ ಸೀಮೆಯಲ್ಲಿ ಹುಟ್ಟೋ ವರದಾ ನದಿ ಸೊರಬದ ಕಡೆಯಿಂದ ಹರಿದು ಬಂದು ಗಳಗನಾಥದಲ್ಲಿ ತುಂಗಭದ್ರೆಗೆ ಸೇರ್ತದೆ. ಅದೇ ತುಂಗಭದ್ರೆಯ ಎಡದಂಡೆ ಕಾಲುವೆ ನೀರಿನ ಮೇಲೆ ನಮ್ಮ ಮಾನ್ವಿ ಸೀಮೆಯ ಭತ್ತ ನಿಂತಿದೆ. ನೀರಿಗೆ ಅಷ್ಟು ಹತ್ತಿರ ಇರೋ ಊರಿನ ಕಥೆ ನಮಗೆ ಇಷ್ಟು ದೂರ ಇರಬಾರದು ಅಂತ ನನಗೆ ಅನಿಸಿತು.

ಟೈಫಾಯ್ಡ್ ಅಂದುಕೊಂಡ ಜ್ವರ

1957ರ ಮೊದಲ ತಿಂಗಳುಗಳು. ನಮ್ಮ ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಆಗಿನ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಆರು ತಿಂಗಳೂ ಆಗಿರಲಿಲ್ಲ. ಸೊರಬ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಜನ ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿಯೋಕೆ ಶುರುವಾದರು. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಒಡೆದುಹೋಗೋ ಹಾಗೆ ನೋವು, ಸೊಂಟ ಮತ್ತು ಕಾಲಿನ ಮಾಂಸಖಂಡ ಹಿಂಡೋ ನೋವು, ವಾಂತಿ, ಭೇದಿ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಇನ್ನು ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ತಿರುಗಿ ಬರೋದು. ಬದುಕಿ ಉಳಿದವರೂ ಎಷ್ಟೋ ವಾರ ಎದ್ದು ಕೆಲಸ ಮಾಡೋ ಸ್ಥಿತಿಯಲ್ಲಿ ಇರ್ತಿರಲಿಲ್ಲ.

ವೈದ್ಯರು ಮೊದಲು ಇದನ್ನ ಟೈಫಾಯ್ಡ್ ಥರದ ಜ್ವರ ಅಂದುಕೊಂಡರು. ಅದರಲ್ಲಿ ತಪ್ಪೇನಿಲ್ಲ. ಹಳ್ಳಿಯಲ್ಲಿ ಹೀಗೆ ಜ್ವರ ಹರಡಿದರೆ ಮೊದಲು ನೆನಪಾಗೋದು ಅದೇ. ಹಿಂದಿನ ವರ್ಷವೂ ಇಂಥದೇ ಜ್ವರ ಆ ಭಾಗದಲ್ಲಿ ಬಂದಿತ್ತು ಅನ್ನೋದು ಆಮೇಲೆ ತಿಳಿದ ವಿಷಯ. ಅಂದ್ರೆ ಒಂದು ವರ್ಷ ಕಾಯಿಲೆ ತನ್ನದಲ್ಲದ ಹೆಸರಿನಲ್ಲಿ ಓಡಾಡಿಕೊಂಡಿತ್ತು.

ಆದರೆ ಊರಿನ ಜನ ಜ್ವರದ ಜೊತೆಗೆ ಇನ್ನೊಂದು ಮಾತು ಹೇಳ್ತಿದ್ದರು. ಕಾಡಿನಲ್ಲಿ ಮಂಗ ಸಾಯ್ತಿವೆ. ಕಪ್ಪು ಮುಖದ ಮುಸುವ ಸಾಯ್ತಿವೆ, ಕೆಂಪು ಮುಖದ ಕೋಡಗ ಸಾಯ್ತಿವೆ. ಕಾಡಿಗೆ ಕಟ್ಟಿಗೆಗೆ, ಸೊಪ್ಪಿಗೆ, ಒಣಎಲೆಗೆ ಹೋದವರಿಗೆ ಹೆಣ ಕಾಣ್ತಿವೆ. ಹಾಗೆ ಹೋಗಿ ಬಂದವರೇ ಮಲಗ್ತಿದ್ದಾರೆ.

ಮಂಗನ ಸಾವು, ಮನುಷ್ಯನ ಜ್ವರ. ಎರಡನ್ನೂ ಒಂದೇ ಸುದ್ದಿಯಾಗಿ ನೋಡಿದ್ದು ಊರವರು. ನಾವು ಇವತ್ತಿಗೂ ಬಳಸೋ ‘ಮಂಗನ ಕಾಯಿಲೆ’ ಅನ್ನೋ ಹೆಸರಿನಲ್ಲೇ ಆ ತಿಳುವಳಿಕೆ ಇದೆ.

ಪುಣೆಗೆ ಮುಟ್ಟಿದ ಸುದ್ದಿ

ಪುಣೆಯಲ್ಲಿ 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಅಂತ ಒಂದು ಸಂಸ್ಥೆ ಶುರುವಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್, ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಕಟ್ಟಿದ್ದು. ಕೋವಿಡ್ ಟೈಮ್‌ನಲ್ಲಿ ದಿನಾ ಕೇಳ್ತಿದ್ದ ಎನ್‌ಐವಿ ಇದೆಯಲ್ಲ, ಅದು ಇದೇ ಸಂಸ್ಥೆಯ ಇವತ್ತಿನ ಹೆಸರು. ಆಗ ಅದರ ನಿರ್ದೇಶಕ ಟೆಲ್ಫೋರ್ಡ್ ವರ್ಕ್. ಜೊತೆಗೆ ಹೆರಾಲ್ಡ್ ಟ್ರಾಪಿಡೊ ಅನ್ನೋ ವಿಜ್ಞಾನಿ. ಈ ಟ್ರಾಪಿಡೊ ಹಿಂದೆ ಪನಾಮಾದ ಕಾಡಿನಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದವರು.

ಸೊರಬದ ಸುದ್ದಿ ಪುಣೆಗೆ ಮುಟ್ಟಿದಾಗ ಅವರ ಎದೆ ಯಾಕೆ ಧಸಕ್ಕೆಂದಿತು ಅನ್ನೋದು ಆ ಹಳದಿ ಜ್ವರದಲ್ಲಿದೆ. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬರೋ ಮೊದಲು ಕಾಡಿನ ಮಂಗಗಳು ಸಾಯ್ತವೆ. ದಿನಾ ಕೂಗೋ ಮಂಗಗಳ ಕಾಡು ಒಮ್ಮೆಲೇ ಸುಮ್ಮನಾದರೆ ಅಲ್ಲಿ ಅದೇ ಎಚ್ಚರಿಕೆ. ಇನ್ನು ಭಾರತದಲ್ಲಿ ಹಳದಿ ಜ್ವರ ಇಲ್ಲವೇ ಇಲ್ಲ. ಆದರೆ ಅದನ್ನ ಹರಡೋ ಸೊಳ್ಳೆ, ಇವತ್ತು ನಮಗೆ ಡೆಂಗಿ ತರೋ ಅದೇ ಸೊಳ್ಳೆ, ಬೇಕಾದಷ್ಟಿದೆ. ನಮ್ಮ ಜನರ ಮೈಯಲ್ಲಿ ಆ ರೋಗದ ಪರಿಚಯವೇ ಇಲ್ಲ. ಒಮ್ಮೆ ಅದು ಒಳಗೆ ಬಂದರೆ ಏನಾಗಬಹುದು ಅಂತ ಊಹಿಸಿಕೊಳ್ಳಿ.

ಹಾಗಾಗಿ ‘ಮಂಗ ಸಾಯ್ತಿವೆ’ ಅನ್ನೋ ಮಾತು ಬೇರೆ ಯಾರಿಗೋ ಸಣ್ಣ ಸುದ್ದಿ ಆಗಿರಬಹುದು. ಇವರಿಗೆ ಅದು ಬೆಂಕಿಯ ಸುದ್ದಿ. ತಂಡ ಕಾಡಿಗೆ ಬಂತು. ಮೈಸೂರು ರಾಜ್ಯದ ಡಾಕ್ಟರ್‌ಗಳಾದ ಡಿ.ಪಿ. ನರಸಿಂಹಮೂರ್ತಿ, ಆರ್. ಲಕ್ಷ್ಮಣರಾವ್ ಜೊತೆ ಸೇರಿ ಕೆಲಸ ಶುರು ಮಾಡಿತು. ರೋಗಿಗಳ ರಕ್ತ, ಮಂಗಗಳ ಅಂಗಾಂಶ ಎಲ್ಲ ಪುಣೆಗೆ ಹೋಯಿತು. 1957ರ ಮಾರ್ಚ್‌ನಲ್ಲೇ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಜಗತ್ತಿನಲ್ಲಿ ಅದುವರೆಗೆ ಯಾರೂ ಗುರುತಿಸದ ವೈರಸ್. ಸಿಕ್ಕ ಜಾಗದ ಹೆಸರನ್ನೇ ಇಟ್ಟರು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಆ ವರ್ಷ ಲೆಕ್ಕಕ್ಕೆ ಸಿಕ್ಕ ಮನುಷ್ಯರ ಪ್ರಕರಣ 466, ಮರುವರ್ಷ 181.

ಇಲ್ಲಿ ಒಂದು ವಿಷಯ ಗಮನಿಸಿ. ಹಳದಿ ಜ್ವರ ಅನ್ನೋ ಅನುಮಾನ ತಪ್ಪಾಗಿತ್ತು, ಆದರೆ ಆ ಅನುಮಾನ ಇದ್ದದ್ದರಿಂದಲೇ ಅವರು ಓಡಿ ಬಂದರು. ಟೈಫಾಯ್ಡ್ ಅನ್ನೋ ಊಹೆಯೂ ತಪ್ಪಾಗಿತ್ತು, ಅದು ಮಾತ್ರ ಕಾಲ ತಿಂದಿತು. ಎರಡು ತಪ್ಪಿನ ನಡುವೆ ಏನು ವ್ಯತ್ಯಾಸ? ಒಂದು ಊಹೆಯಲ್ಲಿ ಸತ್ತ ಮಂಗಕ್ಕೆ ಜಾಗ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಕಣ್ಣೆದುರಿಗೆ ಇರೋದನ್ನೆಲ್ಲ ಸೇರಿಸಿಕೊಳ್ಳೋ ಊಹೆ ತಪ್ಪಾದರೂ ದಾರಿಗೆ ಹಚ್ಚುತ್ತದೆ.

ರಷ್ಯಾದ ನೆಂಟ, ಹಾರಿ ಬಂದ ಅನುಮಾನ

ಹೊಸ ವೈರಸ್‌ನ ಕುಲಗೋತ್ರ ನೋಡಿದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಇದರ ಹತ್ತಿರದ ನೆಂಟರು ಇದ್ದದ್ದು ರಷ್ಯಾ ಕಡೆ. ಅಲ್ಲಿನ ಕಾಡುಗಳಲ್ಲಿ ಉಣ್ಣಿ ಕಚ್ಚಿ ಬರೋ ಮಿದುಳು ಜ್ವರದ ವೈರಸ್ ಗುಂಪಿಗೆ ಇದು ಸೇರ್ತದೆ ಅಂತ ಗೊತ್ತಾಯ್ತು. ಸೈಬೀರಿಯಾದ ನೆಂಟ ಸೊರಬಕ್ಕೆ ಹೇಗೆ ಬಂದ?

ಒಂದು ಊಹೆ: ವಲಸೆ ಹಕ್ಕಿ. ಪ್ರತಿ ಚಳಿಗಾಲ ಉತ್ತರದಿಂದ ಲಕ್ಷಗಟ್ಟಲೆ ಹಕ್ಕಿ ನಮ್ಮ ಕಡೆ ಬರ್ತವೆ. ಸ್ಟಿಂಟ್ ಅನ್ನೋ ಗುಬ್ಬಿ ಗಾತ್ರದ ಕೆರೆದಂಡೆಯ ಹಕ್ಕಿ ಇದೆ. ಅದು ಮರಿ ಮಾಡೋದು ಉತ್ತರ ಧ್ರುವಕ್ಕೆ ಅಂಟಿದ ಬಯಲಲ್ಲಿ, ಚಳಿಗಾಲ ಕಳೆಯೋದು ನಮ್ಮಂಥ ದೇಶಗಳ ಕೆಸರಿನಲ್ಲಿ. ಇಂಥ ಹಕ್ಕಿಗಳ ಮೈಮೇಲೆ ಉಣ್ಣಿ, ಉಣ್ಣಿಯೊಳಗೆ ವೈರಸ್ ಬಂದಿರಬಹುದಲ್ಲ?

ಈ ಪ್ರಶ್ನೆ ಭಾರತದ ಪಕ್ಷಿಶಾಸ್ತ್ರವನ್ನೇ ಬದಲಿಸಿತು. ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿ ಹಿಡಿದು, ಕಾಲಿಗೆ ಉಂಗುರ ಹಾಕಿ, ಮೈಮೇಲಿನ ಉಣ್ಣಿ ಆರಿಸಿ ಬಿಡೋ ದೊಡ್ಡ ಕೆಲಸಕ್ಕೆ ಇಳಿದರು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಂತು. ಆಮೇಲೆ ಅಮೆರಿಕ ಸೈನ್ಯ ನಡೆಸ್ತಿದ್ದ ಒಂದು ಯೋಜನೆಯಿಂದ ಹಣ ಬಂತು. ಹಕ್ಕಿಗಳ ದಾರಿಯ ಬಗ್ಗೆ ನಮಗೆ ಇವತ್ತು ಗೊತ್ತಿರೋ ಎಷ್ಟೋ ವಿಷಯ ಆ ಉಂಗುರಗಳಿಂದ ಬಂದದ್ದು. ಆದರೆ ಹಕ್ಕಿಯೇ ಕ್ಯಾಸನೂರು ವೈರಸ್ ತಂದಿತು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ.

ಸೈನ್ಯದ ಹಣ ಸುಮ್ಮನೆ ಬರ್ತದಾ? 1970ರ ದಶಕದಲ್ಲಿ ಪತ್ರಿಕೆಗಳಲ್ಲಿ ಗಲಾಟೆ ಎದ್ದಿತು. ನಮ್ಮ ಹಕ್ಕಿ, ನಮ್ಮ ರೋಗದ ಮಾಹಿತಿ ಬೇರೆ ದೇಶದ ಸೈನ್ಯಕ್ಕೆ ಯಾಕೆ ಅಂತ ಪ್ರಶ್ನೆ ಬಂತು. ವಿಷಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೂ ಹೋಯಿತು. ಸೊರಬದ ಮಂಗನ ಸಾವು ಶೀತಲ ಸಮರದ ಕಡತದಲ್ಲೂ ಒಂದು ಪುಟ ಆಗಿಬಿಟ್ಟಿತು ನೋಡ್ರಿ.

ಈ ರಷ್ಯಾ ನೆಂಟಸ್ತನ ಇನ್ನೊಂದು ಕಡೆಯೂ ಕೈಕೊಟ್ಟಿತು. ವೈರಸ್ ಅದೇ ಗುಂಪಿನದು ಅಂದಮೇಲೆ ರಷ್ಯಾದ ಜ್ವರಕ್ಕೆ ಮಾಡಿದ ಲಸಿಕೆ ಇಲ್ಲೂ ಕೆಲಸ ಮಾಡಬಹುದು ಅಂತ ಅದನ್ನೇ ತರಿಸಿ ಶಿವಮೊಗ್ಗ ಜಿಲ್ಲೆಯಲ್ಲಿ ಜನರಿಗೆ ಹಾಕಿ ನೋಡಿದರು. ಫಲ ಸಿಗಲಿಲ್ಲ. ರೋಗಕ್ಕೆ ಹೆಸರು ಸಿಕ್ಕಿತ್ತು, ಬಂಧು ಬಳಗವೂ ಸಿಕ್ಕಿತ್ತು, ಮದ್ದು ಮಾತ್ರ ಸಿಕ್ಕಿರಲಿಲ್ಲ.

ನಿಜವಾದ ಲೆಕ್ಕ ಇದ್ದದ್ದು ನೆಲದ ಮೇಲೆ

ಉತ್ತರ ಆಕಾಶದಲ್ಲಿ ಇರಲಿಲ್ಲ, ಕಾಲಡಿ ಇತ್ತು. ಕಾಡಿನ ಒಣಎಲೆಯಲ್ಲಿ ಇರೋ ಸಣ್ಣ ಜೀವಿ. ಮಲೆನಾಡಿನವರು ಉಣುಗು ಅಂತಾರೆ, ನಾವು ಉಣ್ಣಿ ಅಂತೀವಿ. ಇದರಲ್ಲಿ ಹಿಮಾಫೈಸಾಲಿಸ್ ಸ್ಪೈನಿಜೆರಾ ಅನ್ನೋ ಜಾತಿ ಮುಖ್ಯ ಆರೋಪಿ. ಅದರಲ್ಲೂ ಇನ್ನೂ ದೊಡ್ಡದಾಗದ ಮರಿ ಉಣುಗು. ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗೋದಿಲ್ಲ. ಮಳೆ ನಿಂತ ಮೇಲೆ ನವೆಂಬರ್, ಡಿಸೆಂಬರ್‌ನಿಂದ ಶುರುವಾಗಿ ಬೇಸಿಗೆ ಮುಗಿಯೋ ತನಕ ಇದರ ಓಡಾಟ. ಮಂಗನ ಕಾಯಿಲೆಯ ಸೀಸನ್ ಕೂಡ ಅದೇ.

ಈಗ ಸತ್ತ ಮಂಗನ ಪಾತ್ರ ಏನು ಅಂತ ನೋಡಿ. ವೈರಸ್ ಇರೋ ಉಣುಗು ಮಂಗನಿಗೆ ಕಚ್ಚುತ್ತದೆ. ಮಂಗ ಕಾಯಿಲೆ ಬಿದ್ದು, ರಕ್ತದ ತುಂಬ ವೈರಸ್. ಆಗ ಅದರ ರಕ್ತ ಹೀರಿದ ಉಣುಗೆಲ್ಲ ಸೋಂಕು ಹೊತ್ತುಕೊಳ್ಳುತ್ತವೆ. ಮಂಗ ಸತ್ತು ಮರದಿಂದ ಬೀಳ್ತದೆ. ಹೆಣ ತಣ್ಣಗಾದರೆ ಉಣುಗಿಗೆ ಅಲ್ಲಿ ಕೆಲಸ ಇಲ್ಲ, ಇಳಿದು ಸುತ್ತಲಿನ ಎಲೆಯೊಳಗೆ ಸೇರಿಕೊಳ್ಳುತ್ತವೆ. ಆ ಎಲೆಯನ್ನ ಯಾರೋ ಗುಡಿಸಿ, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಕೊಟ್ಟಿಗೆಗೆ ತರ್ತಾರೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡೋದಿಲ್ಲ. ಹರಡೋದು ಆ ಬುಟ್ಟಿಯ ದಾರಿಯಲ್ಲಿ.

ದನಕರು ಕೂಡ ಈ ಲೆಕ್ಕದಲ್ಲಿವೆ. ದನಕ್ಕೆ ಈ ಕಾಯಿಲೆ ಬಾಧಿಸೋದಿಲ್ಲ, ಆದರೆ ದೊಡ್ಡ ಉಣುಗಿಗೆ ಊಟ ಹಾಕೋದು ದನವೇ. ಪುಣೆ ಕೇಂದ್ರದಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲಿ ಒಂದು ಮುಖ್ಯ ಮಾತು ಬರೆದರು. ಜನ, ಜಮೀನು, ದನ ಮೂರೂ ಕಾಡಿನೊಳಗೆ ಒತ್ತಿಕೊಂಡು ಹೋದ ಹಾಗೆ ಕಾಡಂಚಿನಲ್ಲಿ ಉಣುಗು ಹೆಚ್ಚಾಯಿತು, ಕಾಡಿನೊಳಗೆ ತನ್ನ ಪಾಡಿಗೆ ಇದ್ದ ವೈರಸ್ ಮಂಗನಿಗೂ ಮನುಷ್ಯನಿಗೂ ಎಟುಕಿತು ಅನ್ನೋದು ಅವರ ವಾದ. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಈ ಮಾತಿಗೆ ಸಾಕ್ಷಿ ಸಿಕ್ಕ ಹಾಗಾಯ್ತು. ಗೇರು ತೋಟಕ್ಕಾಗಿ ಕಾಡು ಕಡಿದರು. ಅದರ ಬೆನ್ನಿಗೇ ಮಂಗಗಳು ಸತ್ತವು, ಆಮೇಲೆ ಈ ರೋಗದ ಚರಿತ್ರೆಯಲ್ಲೇ ಅತಿ ದೊಡ್ಡ ಹಾವಳಿಗಳಲ್ಲಿ ಒಂದು ಅಲ್ಲಿ ನಡೆಯಿತು.

ಮುಟ್ಟಿದವರಿಗೆ ಏನಾಯ್ತು

ಸತ್ತ ಪ್ರಾಣಿಯನ್ನ ಯಾರಾದ್ರೂ ಮುಟ್ಟಲೇಬೇಕು. ಸ್ಯಾಂಪಲ್ ತೆಗೆಯದೆ ರೋಗ ಗೊತ್ತಾಗೋದಿಲ್ಲ. ಹೆಣ ವಿಲೇವಾರಿ ಮಾಡದಿದ್ದರೆ ಅಲ್ಲೇ ಅಪಾಯ. ಹಾಗಾದರೆ ಮುಟ್ಟೋ ಆ ಕೈ ಯಾರದು?

ಪುಣೆಯಲ್ಲಿ ಈ ವೈರಸ್ ಮೇಲೆ ಕೆಲಸ ಮಾಡಿದ ಎಷ್ಟೋ ಲ್ಯಾಬ್ ಸಿಬ್ಬಂದಿಗೆ ಅದೇ ಜ್ವರ ಬಂತು. ಆಗ ಇವತ್ತಿನ ಥರದ ಸೀಲ್ ಮಾಡಿದ ಲ್ಯಾಬ್‌ಗಳು ಇರಲಿಲ್ಲ. ಸರಿ, ಅದು ಹಳೇ ಕಾಲ ಅಂದುಕೊಳ್ಳೋಣ. 2012ರ ಕೊನೆಗೆ ಬನ್ನಿ. ಚಾಮರಾಜನಗರ ಜಿಲ್ಲೆ, ಬಂಡೀಪುರ. ಅಲ್ಲಿಯ ತನಕ ಈ ರೋಗ ಆ ಭಾಗದ ಲೆಕ್ಕದಲ್ಲೇ ಇರಲಿಲ್ಲ. ಮಂಗಗಳು ಸತ್ತವು. ಅವುಗಳ ಮರಣೋತ್ತರ ಪರೀಕ್ಷೆಗೆ, ಸುಡೋದಕ್ಕೆ ಕೈಹಾಕಿದವರೇ ಕಾಯಿಲೆ ಬಿದ್ದರು. ಪುಣೆಯಲ್ಲಿ ಪರೀಕ್ಷೆ ಮಾಡಿದಾಗ ಕೆಎಫ್‌ಡಿ ಅಂತ ಬಂತು.

ವೈರಸ್‌ಗೆ ಹೆಸರು ಇಟ್ಟು ಐವತ್ತೈದು ವರ್ಷ ಆಗಿತ್ತು. ಆದರೂ ‘ಇದು ಆ ಕಡೆಯ ರೋಗ, ನಮ್ಮ ಕಡೆ ಇಲ್ಲ’ ಅನ್ನೋ ನಂಬಿಕೆಯ ಬೆಲೆಯನ್ನ ಮುಟ್ಟಿದವರು ಕೊಟ್ಟರು. ಆಮೇಲಿನ ವರ್ಷಗಳಲ್ಲಿ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ, ಎಲ್ಲ ಕಡೆ ಅದು ಕಾಣಿಸಿತು.

ಹಿಮದ ಮೇಲೆ ಅದೇ ಪ್ರಶ್ನೆ

ಈಗ ಅಂಟಾರ್ಕ್ಟಿಕಾಕ್ಕೆ ಹೋಗೋಣ. ಇಲ್ಲಿ ಊರಿಲ್ಲ, ದನ ಇಲ್ಲ, ಕಟ್ಟಿಗೆಗೆ ಹೋಗೋರಿಲ್ಲ. ಇರೋದು ವಿಜ್ಞಾನಿಗಳ ನೆಲೆಗಳು, ಬೇಸಿಗೆಯಲ್ಲಿ ಬರೋ ಪ್ರವಾಸಿ ಹಡಗು. ನಮ್ಮ ದೇಶದ ಎರಡು ನೆಲೆ ಅಲ್ಲಿವೆ, ಮೈತ್ರಿ ಮತ್ತು ಭಾರತಿ.

ಅಲ್ಲಿ ಮೊದಲ ಎಚ್ಚರಿಕೆಯ ಗಂಟೆ ಬಾರಿಸಿದ್ದು 1997ರಲ್ಲಿ. ಆಸ್ಟ್ರೇಲಿಯಾದ ಮಾಸನ್ ನೆಲೆಯ ಹತ್ತಿರದ ಪೆಂಗ್ವಿನ್‌ಗಳ ರಕ್ತದಲ್ಲಿ ಕೋಳಿ ರೋಗವೊಂದರ ಗುರುತು ಸಿಕ್ಕಿತು. ಕೋಳಿ ಫಾರಂ ಇಟ್ಟವರಿಗೆ ಗುಂಬೊರೊ ಅಂದ್ರೆ ಗೊತ್ತಾಗ್ತದೆ, ಅದೇ ರೋಗ. ಮನುಷ್ಯರು ಊಟಕ್ಕೆ ಒಯ್ದ ಕೋಳಿಯಿಂದ ಹೋಗಿರಬಹುದಾ ಅನ್ನೋ ಅನುಮಾನ ಬಂತು. ಜೀವಂತ ಕೋಳಿ ಒಯ್ಯಬಾರದು ಅಂತ 1991ರ ಮ್ಯಾಡ್ರಿಡ್ ಒಪ್ಪಂದದಲ್ಲೇ ಬರೆದಿದ್ದರು. 1998ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಸಭೆ ಸೇರಿ, ಅಂಟಾರ್ಕ್ಟಿಕಾದಲ್ಲಿ ಪ್ರಾಣಿಗಳು ಗುಂಪಾಗಿ ಸತ್ತರೆ ಏನು ಮಾಡಬೇಕು ಅಂತ ಚರ್ಚೆ ಮಾಡಿದರು. ಅಂದ್ರೆ ರೋಗ ಬರೋ ಕಾಲು ಶತಮಾನ ಮೊದಲೇ ಪ್ರಾವಿಷನ್ ತೆಗೆದಿಡೋಕೆ ಶುರು ಮಾಡಿದ್ದರು.

ಬಂದದ್ದು ಹಕ್ಕಿಜ್ವರ, ಎಚ್‌5ಎನ್‌1. 2023ರ ಅಕ್ಟೋಬರ್‌ನಲ್ಲಿ ಸೌತ್ ಜಾರ್ಜಿಯಾದ ಬರ್ಡ್ ಐಲ್ಯಾಂಡ್‌ನಲ್ಲಿ ಸ್ಕುವಾ ಅನ್ನೋ ಹಕ್ಕಿಗಳಲ್ಲಿ ಸಿಕ್ಕಿತು. ಸ್ಕುವಾ ಅಂದ್ರೆ ಅಲ್ಲಿನ ಹದ್ದು ಕಾಗೆ ಇದ್ದ ಹಾಗೆ, ಸತ್ತದ್ದನ್ನೂ ತಿನ್ನುತ್ತದೆ, ದೂರ ದೂರ ಹಾರ್ತದೆ. 2024ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಪ್ರಿಮಾವೆರಾ ನೆಲೆ ಹತ್ತಿರ, ಅಂಟಾರ್ಕ್ಟಿಕಾದ ಮುಖ್ಯ ನೆಲದಲ್ಲೇ, ಸತ್ತ ಸ್ಕುವಾಗಳಲ್ಲಿ ದೃಢಪಟ್ಟಿತು. ಅದಕ್ಕೂ ಮೊದಲು 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಕರಾವಳಿಯಲ್ಲಿ ಆನೆ ಸೀಲ್ ಮರಿಗಳು ಸತ್ತದ್ದು ಸುಮಾರು 17 ಸಾವಿರ. ಆ ವರ್ಷ ಅಲ್ಲಿ ಹುಟ್ಟಿದ ಮರಿಗಳಲ್ಲಿ ಬಹುತೇಕ ಎಲ್ಲವೂ ಹೋದವು. ಉತ್ತರ ಧ್ರುವದ ಕಡೆ ಅಲಾಸ್ಕಾದಲ್ಲಿ ಸತ್ತ ಒಂದು ಹಿಮಕರಡಿಯ ಮೈಯಲ್ಲೂ ಅದೇ ವೈರಸ್ ಸಿಕ್ಕಿತು.

ಅಲ್ಲಿ ಅನುಮಾನ ಬಂದರೆ ಏನು ಮಾಡ್ತಾರೆ? ಹಡಗು ದಡಕ್ಕೆ ಬರೋ ಮೊದಲು ಗೈಡ್‌ಗಳು ದೂರದಿಂದ ನೋಡ್ತಾರೆ. ಸತ್ತ ಹಕ್ಕಿ ಎಷ್ಟು, ಕತ್ತು ತಿರುಚಿಕೊಂಡು ಒದ್ದಾಡೋ ಹಕ್ಕಿ ಇದೆಯಾ? ಇದ್ದರೆ ಇಳಿಯೋದಿಲ್ಲ. ಇಳಿದರೂ ನೆಲದ ಮೇಲೆ ಕೂರೋ ಹಾಗಿಲ್ಲ, ಮೊಣಕಾಲು ಊರೋ ಹಾಗಿಲ್ಲ, ಬ್ಯಾಗ್ ಇಡೋ ಹಾಗಿಲ್ಲ. ಹೋಗುವಾಗ ಬರುವಾಗ ಬೂಟು ತೊಳೆದು ಮದ್ದಿನಲ್ಲಿ ಅದ್ದಬೇಕು. ಸತ್ತದ್ದನ್ನ ಮುಟ್ಟಬಾರದು. ತರಬೇತಿ, ರಕ್ಷಾಕವಚ ಇರೋರು ಮಾತ್ರ ಸ್ಯಾಂಪಲ್ ತೆಗೆಯಬೇಕು. ಎಲ್ಲಿ, ಯಾವಾಗ, ಎಷ್ಟು ಅಂತ ವರದಿ ಕಳಿಸಬೇಕು. ಆ ವರದಿಯನ್ನ ದೇಶದೇಶಗಳ ವಿಜ್ಞಾನಿಗಳು ಹಂಚಿಕೊಳ್ತಾರೆ. ಲ್ಯಾಬ್ ಹೌದು ಅನ್ನೋ ತನಕ ಯಾರೂ ಕಾಯೋದಿಲ್ಲ. ಅನುಮಾನವೇ ಸಾಕು, ಬಾಗಿಲು ಹಾಕ್ತದೆ.

ಪ್ರಾಣಿಗಳನ್ನ ಬದುಕಿಸೋಕೆ ಇದರಿಂದ ಆಗೋದಿಲ್ಲ ಅನ್ನೋದೂ ನಿಜ. ಪೆಂಗ್ವಿನ್‌ಗೆ ಯಾರೂ ಮದ್ದು ಕೊಡೋದಿಲ್ಲ. ಮನುಷ್ಯ ತಾನು ರೋಗ ಹೊತ್ತು ತಿರುಗೋದನ್ನ ನಿಲ್ಲಿಸಬಹುದು, ಆಗ್ತಿರೋದನ್ನ ಬರೆದಿಡಬಹುದು, ಅಷ್ಟೇ.

ದೂರ ನಿಲ್ಲಿ ಅಂದರೆ ಎಲ್ಲಿ ನಿಲ್ಲೋದು?

ನನಗೆ ಕಾಡೋ ಪ್ರಶ್ನೆ ಇರೋದು ಇಲ್ಲೇ. ಅಂಟಾರ್ಕ್ಟಿಕಾದಲ್ಲಿ ಅನುಮಾನದ ಬೆಲೆ ಏನು? ಒಂದು ದಿನದ ಪ್ರವಾಸ ರದ್ದು, ಒಂದು ಫೋಟೊ ತಪ್ಪಿತು. ವಿಜ್ಞಾನಿಗಳ ಒಂದು ಋತುವಿನ ಕೆಲಸ ಹೋಯಿತು. ಬೇಜಾರು ನಿಜ, ಆದರೆ ಯಾರ ಮನೆಯ ಒಲೆಯೂ ಆರೋದಿಲ್ಲ.

ಸಾಗರದಲ್ಲೋ ಸೊರಬದಲ್ಲೋ ‘ಕಾಡಿಗೆ ಹೋಗಬೇಡಿ’ ಅಂದರೆ? ಒಲೆಗೆ ಕಟ್ಟಿಗೆ ಕಾಡಿನದು. ಕೊಟ್ಟಿಗೆಗೆ ಹಾಸೋ ಎಲೆ ಕಾಡಿನದು, ಅದೇ ಗೊಬ್ಬರ ಆಗಿ ಅಡಿಕೆ ತೋಟಕ್ಕೆ ಹೋಗಬೇಕು. ದನ ಮೇಯೋದೂ ಅಲ್ಲೇ. ಡಿಸೆಂಬರ್‌ನಿಂದ ಮೇ ತನಕ, ಅಂದ್ರೆ ಎಲೆ ಉದುರೋ, ಎಲೆ ತರೋ ಕಾಲವೇ ಉಣುಗಿನ ಕಾಲ. ಪ್ರವಾಸಿಗೆ ದೂರ ನಿಲ್ಲೋಕೆ ಹಡಗಿದೆ. ಇವರ ಮನೆಯೇ ದಡದ ಮೇಲಿದೆ.

ಹಾಗಾಗಿ ಇಲ್ಲಿನ ಕ್ರಮ ಬೇರೆ ಥರ ಬೆಳೆಯಿತು. ಮಂಗ ಸತ್ತದ್ದು ಕಂಡರೆ ಆಶಾ ಕಾರ್ಯಕರ್ತೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಅರಣ್ಯ ಇಲಾಖೆಗೋ ಹೇಳಬೇಕು. ಪಶುವೈದ್ಯರು ಬಂದು ಸ್ಯಾಂಪಲ್ ತೆಗೀತಾರೆ. ಹೆಣ ಸುಡ್ತಾರೆ. ಸುತ್ತ 50 ಅಡಿ ಜಾಗಕ್ಕೆ ಉಣುಗು ಸಾಯೋ ಪುಡಿ ಹಾಕ್ತಾರೆ. ಕಾಡಿಗೆ ಹೋಗಲೇಬೇಕಾದವರಿಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಕೊಡ್ತಾರೆ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ ಅಂತ ಹೇಳ್ತಾರೆ.

ಲಸಿಕೆ ಇರಲಿಲ್ವಾ? ಇತ್ತು. ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿದ ನಮ್ಮದೇ ಲಸಿಕೆ, ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗ್ತಿತ್ತು. 1990ರ ದಶಕದಿಂದ ಮಲೆನಾಡಿನಲ್ಲಿ ಹಾಕ್ತಾ ಬಂದರು. ಕಾಲ ಕಳೆದ ಹಾಗೆ ಅದರ ಶಕ್ತಿ ಸಾಲದು ಅಂತ ಅಧ್ಯಯನಗಳು ಹೇಳಿದವು, ಎರಡು ಡೋಸ್ ಹಾಕಿಸಿಕೊಂಡವರಿಗೂ ಜ್ವರ ಬಂತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಪ್ರಾಣ ಕಳೆದುಕೊಂಡಾಗ ಊರವರ ಸಿಟ್ಟು ಬೀದಿಗೆ ಬಂತು. 2022ರಲ್ಲಿ ಲಸಿಕೆ ಕೊಡೋದು ನಿಂತಿತು. ಐಸಿಎಂಆರ್ ಹೊಸ ಲಸಿಕೆಯ ಕೆಲಸ ಹಿಡಿದಿದೆ. ಈ ರೋಗಕ್ಕೆ ಅಂತಲೇ ಬೇರೆ ಔಷಧಿ ಇಲ್ಲ, ನೂರು ಮಂದಿಗೆ ಬಂದರೆ ಮೂರರಿಂದ ಐದು ಮಂದಿ ಸಾಯ್ತಾರೆ ಅನ್ನೋದು ಸಾಮಾನ್ಯ ಲೆಕ್ಕ.

ಹೊಸ ಲಸಿಕೆ ಊರು ಮುಟ್ಟೋ ತನಕ ಹತ್ತಿರದಲ್ಲಿ ರೋಗ ಇದೆ ಅಂತ ಮೊದಲು ಹೇಳೋದು ಯಾರು? 1957ರಲ್ಲಿ ಹೇಳಿದವನೇ, ಆ ಸತ್ತ ಮಂಗ. ಆ ಮಂಗನನ್ನ ಕಂಡು ಬಂದು ಹೇಳೋ ಎಲೆ ಗುಡಿಸೋ ಹೆಂಗಸು. ಅವಳ ಮಾತು ಪಿಎಚ್‌ಸಿಯಿಂದ ಮೇಲಕ್ಕೆ ಹೋಗೋದು ಒಂದು ದಿನ ತಡ ಆದರೆ, ಮರುದಿನ ಅದೇ ಎಲೆಗೆ ಇನ್ನೊಬ್ಬಳು ಕೈ ಹಾಕಿರ್ತಾಳೆ. ಪ್ರಾವಿಷನ್ ಯಾರ ಜೇಬಿನಿಂದ ಅಂತ ಮೊದಲು ಕೇಳಿದ್ದೆನಲ್ಲ. ಇವತ್ತಿಗೂ ಅದು ಅವಳ ದಿನಗೂಲಿಯಿಂದಲೇ ಹೋಗ್ತಿದೆ. ಕಾಡಿಗೆ ಹೋಗಬೇಡ ಅಂತ ಹೇಳೋ ಸರ್ಕಾರ ಆ ಆರು ತಿಂಗಳ ಕಟ್ಟಿಗೆ, ಎಲೆ, ಕೂಲಿಗೆ ಲೆಕ್ಕದಲ್ಲಿ ಜಾಗ ಕೊಡಬೇಕು. ಇಲ್ಲದಿದ್ದರೆ ಆ ಸಲಹೆ ಗೋಡೆ ಮೇಲಿನ ಪೋಸ್ಟರ್ ಅಷ್ಟೇ.

ಫೋನ್ ಕೈಯಲ್ಲಿರೋ ನಮಗೆ

ಮಂಗನ ಕಾಯಿಲೆ ಮುಖ್ಯವಾಗಿ ಪಶ್ಚಿಮ ಘಟ್ಟದ್ದು, ನಮ್ಮ ಬಯಲುಸೀಮೆಯವರಿಗೆ ಅದರ ಭಯ ಬೇಡ. ಆದರೆ ಡಿಸೆಂಬರ್‌ನಲ್ಲಿ ಜೋಗ, ಕೊಡಚಾದ್ರಿ ಅಂತ ಪ್ಲಾನ್ ಮಾಡೋರು ನಾವೇ. ಹೋದರೆ ಉದ್ದ ತೋಳಿನ ಅಂಗಿ, ಪ್ಯಾಂಟ್ ತುದಿ ಸಾಕ್ಸ್ ಒಳಗೆ, ಒಣಎಲೆ ಮೇಲೆ ಮಲಗಿ ಫೋಟೊ ಬೇಡ. ವಾಪಸ್ ಬಂದು ವಾರದೊಳಗೆ ಜೋರು ಜ್ವರ ಬಂದರೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರ್ ಕೇಳೋ ಮೊದಲೇ ಹೇಳಿ. ರಾಯಚೂರಿನಲ್ಲಿ ಕೂತ ಡಾಕ್ಟರ್‌ಗೆ ಅದು ತಾನಾಗೇ ಹೊಳೆಯಬೇಕು ಅಂತಿಲ್ಲ.

ಇನ್ನು ಹಕ್ಕಿಜ್ವರ ನಮಗೆ ದೂರ ಅಲ್ಲ. 2025ರ ಆರಂಭದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೆಕುಪ್ಪದ ಕೋಳಿಗಳಲ್ಲಿ ಅದು ಬಂದಿತ್ತು. ಸ್ಕುವಾ ಕೊಂದದ್ದೂ ಎಚ್‌5ಎನ್‌1, ಕುರೆಕುಪ್ಪದಲ್ಲಿ ಸಿಕ್ಕದ್ದೂ ಎಚ್‌5ಎನ್‌1. ಕೆರೆ ದಂಡೆಯಲ್ಲಿ ನಾಲ್ಕಾರು ಹಕ್ಕಿ ಒಟ್ಟಿಗೆ ಸತ್ತು ಬಿದ್ದಿದ್ದರೆ, ಓಣಿಯ ಕೋಳಿಗಳು ಸಾಲಾಗಿ ಸತ್ತರೆ, ಕಾಲಿನಿಂದ ಹೊರಳಿಸಿ ನೋಡಬೇಡಿ. ನಾಯಿ ಹತ್ತಿರ ಬಿಡಬೇಡಿ. ಫೋಟೊ ಬೇಕಾದರೆ ದೂರದಿಂದ ತೆಗೀರಿ, ಆದರೆ ರೀಲ್ ಹಾಕೋ ಮೊದಲು ಒಂದು ಕಾಲ್ ಮಾಡ್ರಿ. ಪಶುಪಾಲನೆ ಇಲಾಖೆಯ ಸಹಾಯವಾಣಿ 1962, ಅರಣ್ಯ ಇಲಾಖೆಯದು 1926. ಎಷ್ಟು ಹಕ್ಕಿ, ಯಾವ ಜಾಗ, ಯಾವಾಗ ಕಂಡದ್ದು, ಈ ಮೂರು ಹೇಳಿದರೆ ಸಾಕು. ಅಂಟಾರ್ಕ್ಟಿಕಾದ ವಿಜ್ಞಾನಿ ಕಳಿಸೋ ವರದಿಯಲ್ಲೂ ಮೊದಲು ಇರೋದು ಇವೇ ಮೂರು.

ಎಲ್ಲ ಸಲ ರೋಗವೇ ಆಗಿರೋದಿಲ್ಲ. ಬಿಸಿಲಿಗೆ ಸತ್ತಿರಬಹುದು, ಹೊಲಕ್ಕೆ ಹೊಡೆದ ಎಣ್ಣೆಯಿಂದ ಸತ್ತಿರಬಹುದು. ಪರವಾಗಿಲ್ಲ. ಏನೂ ಅಲ್ಲ ಅಂತ ರಿಪೋರ್ಟ್ ಬಂದರೆ ನಿಮ್ಮ ಒಂದು ಕಾಲ್ ಹೋಯ್ತು ಅಷ್ಟೇ. ಸೊರಬದ ಹಳ್ಳಿಗರಿಗೆ ಫೋನ್ ಇರಲಿಲ್ಲ, ವೈರಸ್ ಅನ್ನೋ ಮಾತು ಗೊತ್ತಿರಲಿಲ್ಲ. ಮಂಗ ಸತ್ತದ್ದನ್ನ ಕಂಡರು, ಹೇಳಿದರು.

ನಿಮ್ಮೂರಲ್ಲಿ ಇಂಥದ್ದೇನಾದ್ರೂ ನಡೆದಿದ್ದರೆ, ಹಿರಿಯರು ಹೇಳೋ ಹಳೇ ಜ್ವರದ ಕಥೆ ಇದ್ದರೆ, ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಬರ್ತೀನ್ರಿ.